ಜಿಸ್ಟ್ರೀಮರ್: ಬೇಕಾದ ಪ್ಲಗಿನ್‌ಗಳನ್ನಷ್ಟೇ ಅಳವಡಿಸಿ, ಬಳಸುವ ಬಗೆ

ಸಿ.ಡಿ. ಗುಣಮಟ್ಟದ ಒಂದು ಗಂಟೆಯ ಧ್ವನಿಮುದ್ರಣವನ್ನು ವೇವ್ ಕಡತವಾಗಿ ಇಟ್ಟುಕೊಂಡರೆ ಅದು ಸುಮಾರು 635 ಎಂ.ಬಿ. ಜಾಗ ಹಿಡಿಯುತ್ತದೆ. ಅದನ್ನೇ ಆಗ್ ವೋರ್ಬಿಸ್ ಎಂಬ ಸಂಕುಚಿತ ಧ್ವನಿ ರೂಪಕ್ಕೆ ಬದಲಾಯಿಸಿದರೆ 50 ಎಂ.ಬಿ. ಆಸುಪಾಸಿಗೆ ಇಳಿಯುತ್ತದೆ. ಇದಕ್ಕೆ ನೆರವಾಗುವ ಮುಕ್ತ ತಂತ್ರಾಂಶಗಳಲ್ಲಿ, 1999ರಲ್ಲಿ ಆರಂಭವಾಗಿ 2012ರ ಸೆಪ್ಟೆಂಬರ್‌ನಲ್ಲಿ 1.0 ಆವೃತ್ತಿ ತಲುಪಿದ ಜಿಸ್ಟ್ರೀಮರ್ ಲೈಬ್ರರಿಯೂ ಒಂದು. ಇದರ ತಿರುಳಿಗೆ ಯಾವ ಧ್ವನಿ ಅಥವಾ ವಿಡಿಯೊ ರೂಪವೂ ತಿಳಿದಿಲ್ಲ; ಓದುವ, ಬಿಡಿಸುವ, ಸಂಕುಚಿಸುವ ಕೆಲಸಗಳೆಲ್ಲ, ಬೇಕಾದಾಗ ಜೋಡಿಸಿಕೊಳ್ಳುವ ಬಿಡಿ ಭಾಗಗಳಾದ ಪ್ಲಗಿನ್‌ಗಳ ಪಾಲಿನವು.

ಉಬುಂಟು ಅಥವಾ ಡೆಬಿಯನ್ ಬಳಸುವವರು ಮೊದಲು ‘ಜಿಸ್ಟ್ರೀಮರ್1.0-ಟೂಲ್ಸ್’ ಪ್ಯಾಕೇಜನ್ನು, ಬಳಿಕ ‘ಜಿಸ್ಟ್ರೀಮರ್1.0-ಪ್ಲಗಿನ್ಸ್-ಬೇಸ್’ ಮತ್ತು ‘ಜಿಸ್ಟ್ರೀಮರ್1.0-ಪ್ಲಗಿನ್ಸ್-ಗುಡ್’ ಕಟ್ಟುಗಳನ್ನು ಆಪ್ಟ್ ಎಂಬ ಅಳವಡಿಕೆ ಸಾಧನದ ಮೂಲಕ ಅಳವಡಿಸಿಕೊಳ್ಳಬೇಕು. ಇಲ್ಲಿ ಕನ್ನಡದಲ್ಲಿ ಬರೆದಿರುವ ಆಜ್ಞೆಗಳನ್ನೂ ಹೆಸರುಗಳನ್ನೂ ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಟೈಪ್ ಮಾಡಬೇಕೆಂಬುದು ನೆನಪಿರಲಿ.

‘ಬ್ಯಾಡ್’ ಮತ್ತು ‘ಅಗ್ಲಿ’ ಎಂಬ ಇನ್ನೆರಡು ಕಟ್ಟುಗಳೂ ಇವೆ. ಸಾಕಷ್ಟು ಪರಿಶೀಲನೆ, ಪರೀಕ್ಷೆ ಅಥವಾ ದಾಖಲೀಕರಣ ಇನ್ನೂ ಆಗದ ಪ್ಲಗಿನ್‌ಗಳು ಮೊದಲನೆಯದರಲ್ಲಿವೆ. ಗುಣಮಟ್ಟ ಚೆನ್ನಾಗಿದ್ದರೂ ಪೇಟೆಂಟ್ ಅಥವಾ ಪರವಾನಗಿಯ ತೊಡಕಿರಬಹುದಾದವು ಎರಡನೆಯದರಲ್ಲಿವೆ. ಎಂಪಿ3 ಪೇಟೆಂಟ್‌ಗಳ ಅವಧಿ ಮುಗಿದ ಮೇಲೆ, 2018ರ 1.14 ಆವೃತ್ತಿಯಲ್ಲಿ ಎಂಪಿ3 ಪ್ಲಗಿನ್‌ಗಳು ‘ಅಗ್ಲಿ’ಯಿಂದ ‘ಗುಡ್’ಗೆ ಬಂದವು. ಎಲ್ಲ ಕಟ್ಟುಗಳನ್ನೂ ಒಮ್ಮೆಲೇ ಹಾಕಿಕೊಳ್ಳಿ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಕಡತದ ರೂಪವನ್ನು ತಾನೇ ಗುರುತಿಸುವ ‘ಡೀಕೋಡ್‌ಬಿನ್’ನಂಥ ಘಟಕಗಳು (ಪ್ಲಗಿನ್ ಒಳಗಿನ, ಒಂದೊಂದು ಕೆಲಸ ಮಾಡುವ ತುಣುಕುಗಳು), ಪ್ರತಿ ಪ್ಲಗಿನ್‌ಗೆ ನಿಗದಿಯಾದ ಆದ್ಯತೆಯ ಶ್ರೇಣಿಯನ್ನು ನೋಡಿ ಆಯ್ಕೆ ಮಾಡುವುದರಿಂದ, ಅನಗತ್ಯ ಪ್ಲಗಿನ್‌ಗಳು ಸೇರಿದಷ್ಟೂ ಕೆಲಸ ಯಾವುದರ ಕೈಗೆ ಹೋಗಿದೆ ಎಂದು ಪತ್ತೆ ಹಚ್ಚುವುದು ಕಷ್ಟವಾಗುತ್ತದೆ.

ಅಳವಡಿಸಿದ ಮೇಲೆ ‘ಜಿಎಸ್‌ಟಿ-ಇನ್‌ಸ್ಪೆಕ್ಟ್-1.0’ ಎಂದು ಬರೆದು, ಪಕ್ಕದಲ್ಲಿ ‘ವೋರ್ಬಿಸ್‌ಎನ್ಕ್’ ಎಂಬ ಘಟಕದ ಹೆಸರು ಕೊಡಿ. ಅದು ಯಾವ ಪ್ಲಗಿನ್‌ಗೆ ಸೇರಿದೆ, ಯಾವ ರೂಪದ ದತ್ತಾಂಶ ಸ್ವೀಕರಿಸುತ್ತದೆ, ಏನನ್ನು ಹೊರಗೆ ಕೊಡುತ್ತದೆ ಎಂಬ ವಿವರ ತೆರೆಯ ಮೇಲೆ ಬರುತ್ತದೆ. ಈ ಪುಟವನ್ನು ಓದುವ ಅಭ್ಯಾಸವಾದರೆ ಅರ್ಧ ಕೆಲಸ ಮುಗಿದಂತೆ.

ಈಗ ಪೈಪ್‌ಲೈನ್, ಅಂದರೆ ಒಂದರ ಫಲವನ್ನು ಮುಂದಿನದಕ್ಕೆ ದಾಟಿಸುವ ಘಟಕಗಳ ಸಾಲು, ಕಟ್ಟಬಹುದು. ‘ಜಿಎಸ್‌ಟಿ-ಲಾಂಚ್-1.0’ ಎಂದು ಬರೆದ ನಂತರ ಫೈಲ್‌ಎಸ್‌ಆರ್‌ಸಿ, ವೇವ್‌ಪಾರ್ಸ್, ಆಡಿಯೊಕನ್ವರ್ಟ್, ವೋರ್ಬಿಸ್‌ಎನ್ಕ್, ಆಗ್‌ಮಕ್ಸ್, ಫೈಲ್‌ಸಿಂಕ್ ಎಂಬ ಆರು ಘಟಕಗಳನ್ನು ಇದೇ ಕ್ರಮದಲ್ಲಿ ಬರೆಯಿರಿ. ಎರಡೆರಡು ಘಟಕಗಳ ನಡುವೆ ಅಲ್ಪವಿರಾಮದ ಬದಲು ಆಶ್ಚರ್ಯಸೂಚಕ ಚಿಹ್ನೆಯಿರಲಿ, ಅದರ ಎರಡೂ ಬದಿಗೆ ಜಾಗ ಬಿಡಿ. ಮೊದಲ ಮತ್ತು ಕೊನೆಯ ಘಟಕಗಳಿಗೆ ‘ಲೊಕೇಶನ್’ ಎಂಬ ಗುಣದ ಮೂಲಕ ಕಡತದ ಹೆಸರು ಕೊಡಬೇಕು. ಫೈಲ್‌ಸಿಂಕ್ ಅದೇ ಹೆಸರಿನ ಹಳೆಯ ಕಡತವನ್ನು ಕೇಳದೆಯೇ ಅಳಿಸಿ ಬರೆಯುತ್ತದೆ. ಆದ್ದರಿಂದ ಮೂಲ ಕಡತದ ಹೆಸರನ್ನು ಅಲ್ಲಿ ಎಂದಿಗೂ ಕೊಡಬಾರದು.

ನಡುವಿನ ಆಡಿಯೊಕನ್ವರ್ಟ್ ಅನ್ನು ಬಿಟ್ಟರೆ ಪೈಪ್‌ಲೈನ್ ನಿಂತುಹೋಗುವ ಸಂಭವವೇ ಹೆಚ್ಚು. ವೇವ್ ಕಡತದಿಂದ ಸಾಮಾನ್ಯವಾಗಿ 16 ಬಿಟ್‌ನ ಪೂರ್ಣಾಂಕಗಳು ಬರುತ್ತವೆ, ವೋರ್ಬಿಸ್‌ಎನ್ಕ್ ಕೇಳುವುದು 32 ಬಿಟ್‌ನ ದಶಮಾಂಶ ಸಂಖ್ಯೆಗಳನ್ನು. ಅಕ್ಕಪಕ್ಕದ ಘಟಕಗಳು ತಾವು ಬಲ್ಲ ರೂಪಗಳನ್ನು ಪರಸ್ಪರ ತಿಳಿಸಿ ಹೊಂದಾಣಿಕೆಗೆ ಬರುತ್ತವೆ. ಇಬ್ಬರಿಗೂ ಒಪ್ಪುವ ರೂಪ ಸಿಗದಿದ್ದರೆ ಕೆಲಸ ಸಾಗುವುದಿಲ್ಲ. ಹೊಸಬರಿಗೆ ಎದುರಾಗುವ ದೋಷಗಳಲ್ಲಿ ಬಹುಪಾಲು ಈ ಬಗೆಯವು, ಹಾಗಾಗಿ ದೋಷ ಸಂದೇಶದಲ್ಲಿ ಯಾವ ಎರಡು ಘಟಕಗಳ ಹೆಸರಿದೆ ಎಂಬುದನ್ನು ಮೊದಲು ನೋಡಬೇಕು.

ಅಷ್ಟಾದರೂ ದೋಷದ ಕಾರಣ ಸಿಗದಿದ್ದರೆ, ಆಜ್ಞೆಗೂ ಮೊದಲು ಅದೇ ಸಾಲಿನಲ್ಲಿ ‘ಜಿಎಸ್‌ಟಿ ಡೀಬಗ್’ ಎಂಬ ಪರಿಸರ ಚರಕ್ಕೆ (ತಂತ್ರಾಂಶಕ್ಕೆ ಹೊರಗಿನಿಂದ ಕೊಡುವ ಸೂಚನೆಗೆ) 3ರ ಬೆಲೆ ಕೊಟ್ಟು ಮತ್ತೆ ಓಡಿಸಿ. ಈ ಹೆಸರನ್ನು ಮಾತ್ರ ದೊಡ್ಡ ಅಕ್ಷರಗಳಲ್ಲಿ, ನಡುವೆ ಅಡಿಗೆರೆ ಹಾಕಿ ಬರೆಯಬೇಕು. ಅಳವಡಿಸಿದ ಪ್ಲಗಿನ್ ಕಾಣಿಸದೇ ಇದ್ದಲ್ಲಿ, ನಿಮ್ಮ ಕ್ಯಾಶ್ (ತಾತ್ಕಾಲಿಕ ದತ್ತಾಂಶದ) ಕಡತಕೋಶದೊಳಗಿನ ‘ಜಿಸ್ಟ್ರೀಮರ್-1.0’ರಲ್ಲಿರುವ ಪ್ಲಗಿನ್ ಪಟ್ಟಿಯ ನೋಂದಣಿ ಕಡತವನ್ನು ಅಳಿಸಬಹುದು, ಮುಂದಿನ ಸಲ ಲೈಬ್ರರಿ ಅದನ್ನು ಹೊಸದಾಗಿ ಸಿದ್ಧಪಡಿಸಿಕೊಳ್ಳುತ್ತದೆ.