ಮಳೆಗಾಲದಲ್ಲೂ ತುಂಬಿದ ನನ್ನ ಹಾಜರಿ ಪುಸ್ತಕ

ಕಾರವಾರದಲ್ಲಿ ಜಿಮ್ ನಡೆಸುವವರಿಗೆ ಜೂನ್ ಎಂದರೆ ಏನೆಂದು ನಾನು ಹೇಳಬೇಕಾಗಿಲ್ಲ. ಜನವರಿಯಲ್ಲಿ ಶುಲ್ಕ ಕಟ್ಟಿದ 60 ಮಂದಿಯಲ್ಲಿ ಮಳೆ ಹಿಡಿದ ಮೇಲೆ 15 ಜನ ಉಳಿದರೆ ಪುಣ್ಯ. ಕಳೆದ ಮಳೆಗಾಲದಲ್ಲಿ ನನ್ನಲ್ಲಿ ಹತ್ತಿರ ಹತ್ತಿರ 40 ಮಂದಿ ಉಳಿದರು. 'ಮನಶ್ಶಾಸ್ತ್ರ ಓದಿ ಜಿಮ್ ನಡೆಸುತ್ತಾನಂತೆ' ಎಂದು ನಕ್ಕವರೇ ಈಗ ಫೋನ್ ಮಾಡಿ ಗುಟ್ಟು ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕಳೆದುಕೊಂಡ ಹಣದ ಲೆಕ್ಕ. ಮೂರು ವರ್ಷದ ಹಿಂದೆ, ತಿಂಗಳಿಗೆ 20 ದಿನ ಬಂದವರಿಗೆ 300 ರೂಪಾಯಿ ವಾಪಸ್ ಎಂದು ಸಾರಿದೆ. ಜನವೋ ಜನ. ಸಹಿ ಹಾಕಿ, ಟ್ರೆಡ್‌ಮಿಲ್ ಮೇಲೆ ಹತ್ತು ನಿಮಿಷ ಮೊಬೈಲ್ ನೋಡಿ ಹೋಗುವವರೇ ಹೆಚ್ಚು. 18 ಸಾವಿರದಷ್ಟು ಕರಗಿದ ಮೇಲೆ ನಿಲ್ಲಿಸಿದೆ. ಆಗ, ಮೊದಲಿನಿಂದಲೂ ತಮ್ಮ ಖುಷಿಗೆ ಬರುತ್ತಿದ್ದ ನಾಲ್ಕೈದು ಮಂದಿಯೂ ಬಿಟ್ಟರು! ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಡೆಸಿ 1971ರಲ್ಲೇ ಇದನ್ನು ತೋರಿಸಿದ್ದರು. ಒಗಟು ಬಿಡಿಸಲು ಹಣ ಪಡೆದ ವಿದ್ಯಾರ್ಥಿಗಳು, ಹಣ ನಿಂತ ಮೇಲೆ ಬಿಡುವಿನಲ್ಲಿ ಅದನ್ನು ಮುಟ್ಟುವುದೇ ಕಡಿಮೆಯಾಯಿತು. ನಾನು ಓದಿದ್ದು ಹಣ ಹೋದ ಮೇಲೆ.

ಆಮೇಲೆ ಹೆದರಿಸಲು ಹೋದೆ. ಹೃದಯಾಘಾತದ ಚಿತ್ರವಿರುವ ಫ್ಲೆಕ್ಸ್, ಎರಡೂವರೆ ಸಾವಿರ. ಅದೀಗ ಹಿತ್ತಲಿನ ಕಟ್ಟಿಗೆ ರಾಶಿಯನ್ನು ಮಳೆಯಿಂದ ಕಾಯುತ್ತಿದೆ. 2002ರ ಒಂದು ಬ್ರಿಟಿಷ್ ಅಧ್ಯಯನದಲ್ಲಿ ಹೃದ್ರೋಗದ ಮಾಹಿತಿ ಓದಿದವರು ವ್ಯಾಯಾಮದಲ್ಲಿ ಏನೂ ಓದದವರಿಗಿಂತ ಮುಂದೆ ಹೋಗಲಿಲ್ಲ. ಅದರ ಜೊತೆಗೆ ಎಲ್ಲಿ, ಯಾವಾಗ ಮಾಡುತ್ತೇನೆಂದು ಬರೆದವರಲ್ಲಿ ಮಾತ್ರ ನೂರಕ್ಕೆ 91 ಮಂದಿ ಮಾಡಿದರು.

ನಾನೂ ಚೀಟಿ ಬರೆಸಿದೆ. ಮೊದಲ ಸಲ ಸೋತೆ, ಏಕೆಂದರೆ ಎಲ್ಲರೂ 'ಬೆಳಿಗ್ಗೆ ಆರು ಗಂಟೆಗೆ' ಎಂದು ಬರೆದರು. ಆಷಾಢದ ಮಳೆ ಗಡಿಯಾರ ನೋಡುವುದಿಲ್ಲ. ಈಗಿನ ಚೀಟಿ ಹೀಗಿದೆ: 'ಹಾಲಿನ ಪ್ಯಾಕೆಟ್ ಒಳಗಿಟ್ಟ ಕೂಡಲೇ ಬೂಟು ಹಾಕುತ್ತೇನೆ. ಆಗ ಜೋರು ಮಳೆಯಿದ್ದರೆ ಜಗಲಿಯಲ್ಲೇ 30 ಬೈಠಕ್ ತೆಗೆಯುತ್ತೇನೆ.' ಜಗಲಿಯ ಬೈಠಕ್ಕಿಗೂ ಹಾಜರಿ ಕೊಟ್ಟೆ. 'ಮನೆಯಲ್ಲೇ ಮಾಡುವವರು ನಿನಗೇಕೆ ಶುಲ್ಕ ಕಟ್ಟುತ್ತಾರೆ?' ಎಂದರು ಗೆಳೆಯರು. ಕಟ್ಟಿದರು.

ಕೋಡಿಬಾಗದಿಂದ ಬರುವ, ಐವತ್ತು ದಾಟಿದ ಒಬ್ಬ ಅಕ್ಕ ಮೊದಲ ದಿನ ಡಂಬೆಲ್ ನೋಡಿ, "ಸರ್, ಇದೆಲ್ಲ ನನ್ನಿಂದಾಗುವುದಿಲ್ಲ" ಎಂದು ಸೆರಗು ಬಿಗಿದು ನಿಂತರು. ಅವರದೇ ಚೀಲದಲ್ಲಿದ್ದ ನೀರಿನ ಬಾಟಲಿ ತೆಗೆಸಿ, "ಇದನ್ನು ಹತ್ತು ಸಲ ಎತ್ತಿ ಅಕ್ಕ" ಎಂದೆ. ಎತ್ತಿದರು. "ಇಷ್ಟೇನಾ?" ಎಂದರು. ನಾನು ಕಾಯುವುದೇ ಆ ಮಾತಿಗೆ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ ಸ್ವಸಾಮರ್ಥ್ಯದ ನಂಬಿಕೆಯ ಬಗ್ಗೆ ಬರೆದಿದ್ದರಲ್ಲಿ ನನಗೆ ದಕ್ಕಿದ್ದು ಇಷ್ಟು: ಕೈಯಾರೆ ಮಾಡಿ ಗೆದ್ದದ್ದೇ ಗಟ್ಟಿ, ತನ್ನಂಥವರು ಮಾಡುವುದನ್ನು ನೋಡುವುದು ನಂತರದ್ದು. ಗೋಡೆಯಲ್ಲಿದ್ದ ದೇಹದಾರ್ಢ್ಯ ಪಟುಗಳ ಚಿತ್ರಗಳನ್ನು ಅಂದೇ ಇಳಿಸಿದೆ.

ನಡುವೆ ಟ್ಯಾಗೋರ್ ಕಡಲತೀರದಲ್ಲಿ ಹೆಜ್ಜೆ ಎಣಿಸುವ ಸ್ಪರ್ಧೆಯನ್ನೂ ಇಟ್ಟೆ. ದಿನಕ್ಕೆ 10 ಸಾವಿರ ಹೆಜ್ಜೆ ಎಂಬುದು 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರಿನಿಂದ ಬಂದದ್ದು. ಗೊತ್ತಿದ್ದೂ ಇಟ್ಟೆ. ಒಬ್ಬರು ಮೊಬೈಲನ್ನು ಮೊಮ್ಮಗಳ ತೊಟ್ಟಿಲಿಗೆ ಕಟ್ಟಿ ಗೆದ್ದರು. ಅಲ್ಲಿಗೆ ಸ್ಪರ್ಧೆ ಮುಗಿಯಿತು.

ಈಗ ಏನು ಮಾಡಬೇಕೆಂಬುದನ್ನು ಬಂದವರೇ ಆರಿಸುತ್ತಾರೆ, ಜೋಡಿಯಾಗಿ ಮಾಡುತ್ತಾರೆ. ಜೋಡಿಗಳನ್ನು ಹೇಗೆ ಹೊಂದಿಸುತ್ತೇನೆ ಎಂಬುದನ್ನು ಮಾತ್ರ ಹೇಳುವುದಿಲ್ಲ, ಅದು ನನ್ನ ಹೊಟ್ಟೆಪಾಡು. ಗಂಡ ಹೆಂಡತಿಯನ್ನು ಜೊತೆಗೆ ಹಾಕಬೇಡಿ, ಅಷ್ಟು ಸುಳಿವು ಸಾಕು.

ಆಗಸ್ಟಿನ ಬಾಡಿಗೆಯನ್ನು ಮೊದಲ ಬಾರಿಗೆ ಕೈಸಾಲವಿಲ್ಲದೆ ಕೊಟ್ಟೆ. ಒದ್ದೆ ಬೂಟುಗಳಿಗೆ ಬಾಗಿಲ ಬಳಿ ಇನ್ನೊಂದು ಕಪಾಟು ಬೇಕಾಗಿದೆ. ಅದಕ್ಕೆ ದುಡ್ಡು ಇನ್ನೂ ಕೂಡಿಲ್ಲ.