ಡಿ ಆಂಜಾ ಕಾಲೇಜಿನಲ್ಲಿ ನನ್ನ ಕಂಪ್ಯೂಟರ್ ಓದು

ಮೈಸೂರಿನಲ್ಲಿ ಬಿ.ಕಾಂ. ಮುಗಿಸಿ ಆರು ವರ್ಷ ಲೆಕ್ಕಪತ್ರ ನೋಡಿಕೊಂಡಿದ್ದವಳು ನಾನು. ಪತಿಯ ಕೆಲಸದ ನಿಮಿತ್ತ, ಉದ್ಯೋಗಿಯ ಅವಲಂಬಿತರಿಗೆ ಕೊಡುವ ಎಚ್-4 ವೀಸಾದಲ್ಲಿ ಕ್ಯಾಲಿಫೋರ್ನಿಯಾದ ಕುಪರ್ಟಿನೊಗೆ ಬಂದೆ. ಉದ್ಯೋಗಕ್ಕೆ ಅನುಮತಿ ಇರಲಿಲ್ಲ, ಓದುವುದಕ್ಕೆ ಅಡ್ಡಿಯಿರಲಿಲ್ಲ. ಮನೆಯ ಹತ್ತಿರವೇ ಡಿ ಆಂಜಾ ಕಾಲೇಜು; ಎರಡು ವರ್ಷದ ಓದಿನ ಸರ್ಕಾರಿ ಕಮ್ಯುನಿಟಿ ಕಾಲೇಜು ಅದು. 1984ರಲ್ಲಿ ಮ್ಯಾಕಿಂಟಾಷ್ ಕಂಪ್ಯೂಟರನ್ನು ಮೊದಲು ಜನರ ಮುಂದಿಟ್ಟದ್ದು ಇಲ್ಲಿನ ಫ್ಲಿಂಟ್ ಸೆಂಟರ್ ಸಭಾಂಗಣದಲ್ಲಿ.

ಕಮ್ಯುನಿಟಿ ಕಾಲೇಜೆಂದರೆ ಸೀಟು ಸಿಗದವರು ಸೇರುವ ಜಾಗವೆಂದು ಕೆಲವರು ಹೇಳಿದರು. ಅದನ್ನು ನಾನು ಒಪ್ಪುವುದಿಲ್ಲ. ನನ್ನ ಪಕ್ಕದ ಬೆಂಚಿನಲ್ಲಿ ಹದಿನೆಂಟರ ಹುಡುಗನೂ ಇದ್ದ, ನಿವೃತ್ತ ದಾದಿಯೊಬ್ಬರೂ ಇದ್ದರು. ಪಾಠ ಇಬ್ಬರಿಗೂ ಒಂದೇ.

ಶುಲ್ಕದ ವಿಷಯದಲ್ಲಿ ನಾನು ಅವಸರಪಡಲಿಲ್ಲ. ರಾಜ್ಯದಲ್ಲಿ ಒಂದು ವರ್ಷ ಒಂದು ದಿನ ವಾಸವಿದ್ದ ದಾಖಲೆ ತೋರಿಸಿದ ಮೇಲೆ ಯೂನಿಟ್‌ಗೆ (ಕೋರ್ಸ್‌ನ ಪ್ರಮಾಣ ಅಳೆಯುವ ಲೆಕ್ಕ) 31 ಡಾಲರ್‌ನಂತೆ ಕಟ್ಟಿದೆ. ನಾಲ್ಕೂವರೆ ಯೂನಿಟ್‌ನ ಕೋರ್ಸ್‌ಗೆ ಸುಮಾರು 140 ಡಾಲರ್, ಇತರ ಶುಲ್ಕ ಬೇರೆ. ರಾಜ್ಯದ ನಿವಾಸಿಗಳಲ್ಲದವರ ದರ ಇದರ ಹಲವು ಪಟ್ಟು. ಹೊಸದಾಗಿ ಬಂದವರು ಬಾಡಿಗೆ ಕರಾರು, ಬ್ಯಾಂಕ್ ಪತ್ರಗಳನ್ನು ಮೊದಲ ದಿನದಿಂದಲೇ ಜೋಪಾನವಾಗಿಡಿ.

ಇಲ್ಲಿನ ಕಲಿಕೆಯ ಅವಧಿಗೆ ಕ್ವಾರ್ಟರ್ ಎನ್ನುತ್ತಾರೆ, ಅದು ಹನ್ನೆರಡು ವಾರಕ್ಕೆ ಮುಗಿಯುತ್ತದೆ. ಪುಸ್ತಕ ಬಿಚ್ಚುವಷ್ಟರಲ್ಲಿ ಪರೀಕ್ಷೆ ಎದುರಿಗಿರುತ್ತದೆ. ಮೊದಲ ಸಲ ಸಿ++ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕೋರ್ಸ್ ಒಂದನ್ನೇ ತೆಗೆದುಕೊಂಡಿದ್ದಕ್ಕೆ ಬದುಕಿಕೊಂಡೆ.

ಕಷ್ಟ ಶುರುವಾದದ್ದು ಲಿಂಕ್ಡ್ ಲಿಸ್ಟ್‌ನಲ್ಲಿ, ಅಂದರೆ ಪ್ರತಿ ಕೊಂಡಿಯೂ ಮುಂದಿನದರ ವಿಳಾಸವನ್ನು ತನ್ನೊಳಗೆ ಇಟ್ಟುಕೊಂಡಿರುವ ಪಟ್ಟಿಯಲ್ಲಿ. ಪಟ್ಟಿಯ ನಡುವಿನ ಒಂದು ಕೊಂಡಿಯನ್ನು ತೆಗೆಯುವ ಪ್ರೋಗ್ರಾಂ ಪ್ರತಿ ಬಾರಿಯೂ ಅರ್ಧಕ್ಕೆ ನಿಂತುಬಿಡುತ್ತಿತ್ತು. ಎರಡು ರಾತ್ರಿ ಕುಳಿತರೂ ಕಾರಣ ಹೊಳೆಯಲಿಲ್ಲ. ಮೇಷ್ಟರನ್ನು ಪ್ರಶ್ನೆ ಕೇಳುವುದು ನನಗೆ ರೂಢಿಯಿರಲಿಲ್ಲ; ಆದರೂ ವಿದ್ಯಾರ್ಥಿಗಳು ಸಂದೇಹ ಕೇಳಲೆಂದು ಅವರು ಮೀಸಲಿಟ್ಟ ಆಫೀಸ್ ಅವರ್‌ಗೆ ಹೋದೆ. ಅವರು ಕಂಪ್ಯೂಟರ್ ಮುಟ್ಟಲಿಲ್ಲ, ಪೆನ್ಸಿಲ್ ಕೊಟ್ಟರು. ಕಾಗದದ ಮೇಲೆ ಕೊಂಡಿಗಳಿಗೆ ಮೂರು ಚೌಕ, ಮುಂದಿನದರ ವಿಳಾಸಕ್ಕೆ ನಡುವೆ ಬಾಣಗಳು. "ಈಗ ನಿಮ್ಮ ಒಂದೊಂದು ಸಾಲನ್ನೂ ಓದಿ, ಬಾಣ ಬದಲಿಸಿ" ಎಂದರು. ಮೂರನೆಯ ಸಾಲಿಗೆ ಬರುತ್ತಲೇ ಕೈ ನಿಂತಿತು. ನಡುವಿನ ಚೌಕವನ್ನು ಮೊದಲೇ ಅಳಿಸಿದ್ದೆ. ಮುಂದಿನದರ ವಿಳಾಸ ಇದ್ದದ್ದು ಅದರೊಳಗೇ! ವೋಚರನ್ನು ಹರಿಯುವ ಮುನ್ನ ಅದರ ಸಂಖ್ಯೆ ಬರೆದುಕೊಳ್ಳಬೇಕೆಂಬುದು ನನ್ನ ಹಳೆಯ ಕಚೇರಿಯ ಮೊದಲ ಪಾಠವಾಗಿತ್ತು. ಒಂದೇ ಸಾಲು ಮೇಲೆ ಸರಿಸಿದೆ, ಪ್ರೋಗ್ರಾಂ ಕೊನೆಯವರೆಗೆ ಓಡಿತು. ಅಂದಿನಿಂದ ಕೀಬೋರ್ಡ್ ಪಕ್ಕದಲ್ಲಿ ರಫ್ ಪುಸ್ತಕ ಇದ್ದೇ ಇರುತ್ತದೆ, ವಾರಕ್ಕೊಮ್ಮೆಯಾದರೂ ಮೇಷ್ಟರ ಕೋಣೆಗೆ ಹೋಗುತ್ತೇನೆ.

ಮುಂದಿನ ವರ್ಷ ಡೇಟಾಬೇಸ್ (ಕಂಪ್ಯೂಟರಿನ ಮಾಹಿತಿ ಸಂಗ್ರಹ) ತರಗತಿಯಲ್ಲಿ ಟ್ರಾನ್ಸಾಕ್ಷನ್ ಪಾಠ ಬಂತು. ಒಂದು ಖಾತೆಯಿಂದ ಹಣ ಕಳೆದು ಇನ್ನೊಂದಕ್ಕೆ ಸೇರಿಸುವಾಗ ಎರಡೂ ಆಗಬೇಕು, ಇಲ್ಲವೇ ಎರಡೂ ಆಗಬಾರದು. ಏಕೆಂದು ಮೇಷ್ಟರು ಕೇಳಿದಾಗ ತರಗತಿ ಸುಮ್ಮನಿತ್ತು. ಖರ್ಚು, ಜಮಾ ಎರಡೂ ತಾಳೆಯಾಗದ ಸಂಜೆ ಮನೆಗೆ ಹೋಗಲು ಬಿಡದ ಕಚೇರಿಯಲ್ಲಿ ಕೆಲಸ ಮಾಡಿದವಳು ನಾನು, ಕೈ ಎತ್ತಿದೆ.