ಶುಗರ್ ಪುಸ್ತಕದಲ್ಲಿ ಮನಸ್ಸಿಗೂ ಒಂದು ಸಾಲು

ನನ್ನ ಮನೆ ಮುಂಬಯಿ ಹತ್ತಿರದ ಡೊಂಬಿವಲಿ, ಕೆಲಸ ಮುಂಬಯಿಯ ಮಾಟುಂಗದ ಒಂದು ಉಡುಪಿ ಹೋಟೆಲಿನ ಕ್ಯಾಶ್ ಕೌಂಟರ್‌ನಲ್ಲಿ. ಶುಗರ್ ಬಂದು ಹನ್ನೊಂದು ವರ್ಷ ಆಯಿತು. ಏನು ತಿನ್ನಬೇಕು, ಎಷ್ಟು ನಡೆಯಬೇಕು ಅಂತ ಎಲ್ಲರೂ ಹೇಳಿದರು. ಬೆಳಗ್ಗೆ ಮೀಟರ್‌ನಲ್ಲಿ 212 ಕಂಡಾಗ ಹೊಟ್ಟೆಯೊಳಗೆ ಆಗುವ ಸಂಕಟಕ್ಕೆ ಏನು ಮಾಡಬೇಕು ಅಂತ ಮಾತ್ರ ಯಾರೂ ಹೇಳಲಿಲ್ಲ. ನನಗೆ ಉಪಯೋಗಕ್ಕೆ ಬಂದದ್ದನ್ನು ಹೇಳುತ್ತೇನೆ.

ಶುಗರ್ ಬರೆದಿಡುವ ಪುಸ್ತಕದಲ್ಲಿ ಅಂಕಿಯ ಪಕ್ಕ ಮನಸ್ಸಿನದ್ದೂ ಎರಡು ಮಾತು ಬರೆಯಿರಿ. ನನ್ನದರಲ್ಲಿ ಹೀಗಿದೆ: ‘198. ರಾತ್ರಿ ಮಗನ ಜೊತೆ ಮಾತಿಗೆ ಮಾತು. ನಿದ್ದೆ ಇಲ್ಲ.’ ‘131. ರಜೆ.’ ಒಂದು ತಿಂಗಳು ಬರೆದ ಮೇಲೆ ಗೊತ್ತಾಯಿತು, ಊಟ ಅದೇ ಇದ್ದರೂ ಚಿಂತೆಯ ದಿನ ಶುಗರ್ ಏರುತ್ತಿತ್ತು. ಟೆನ್ಷನ್ ಆದಾಗ ಅಡ್ರಿನಲಿನ್, ಕಾರ್ಟಿಸಾಲ್ ಅನ್ನುವ ಹಾರ್ಮೋನುಗಳು ಜಾಸ್ತಿಯಾಗಿ ಲಿವರ್ ತನ್ನಲ್ಲಿರುವ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಇದು ತಿಳಿದ ಮೇಲೆ ನನ್ನನ್ನು ನಾನೇ ಬೈದುಕೊಳ್ಳುವುದು ಕಡಿಮೆ ಆಯಿತು. ಒಂದು ದಿನದ ಅಂಕಿಗೆ ಕಂಗಾಲಾಗಬೇಡಿ. ಎರಡು ಮೂರು ತಿಂಗಳ ಶುಗರ್ ಸರಾಸರಿ ಎಚ್‌ಬಿಎ1ಸಿ ಅನ್ನುವ ರಕ್ತದ ಟೆಸ್ಟ್‌ನಲ್ಲಿ ಸಿಗುತ್ತದೆ.

ಇನ್ನೊಂದು ಮುಖ್ಯ ವಿಷಯ. ಒಮ್ಮೆ ರಾತ್ರಿ ಲೋಕಲ್ ರೈಲಿನಲ್ಲಿ ಕೈ ನಡುಗಿತು, ಬೆವರಿತು, ಎದೆ ಡಬಡಬ ಅಂದಿತು. ಗದ್ದಲಕ್ಕೆ ಗಾಬರಿ ಆಗಿರಬೇಕು ಅಂದುಕೊಂಡೆ. ಠಾಣೆ ಸ್ಟೇಷನ್‌ನಲ್ಲಿ ಇಳಿದು ಬೆಂಚಿನ ಮೇಲೆ ಕೂತು ನೋಡಿದರೆ 62! ಗಾಬರಿ, ಲೋ ಶುಗರ್ ಎರಡೂ ಮೈಯಲ್ಲಿ ಒಂದೇ ಥರ ಕಾಣಿಸುತ್ತವೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತಗೊಳ್ಳುವವರು ಹೀಗಾದಾಗ ಮೊದಲು ಚೆಕ್ ಮಾಡಿಕೊಳ್ಳಿ. 70ಕ್ಕಿಂತ ಕೆಳಗಿದ್ದರೆ 15 ಗ್ರಾಂ ಗ್ಲೂಕೋಸ್ ಅಥವಾ ಸಕ್ಕರೆ ತಿಂದು, 15 ನಿಮಿಷ ಬಿಟ್ಟು ಮತ್ತೆ ನೋಡಿ. ಮೀಟರ್ ಕೈಯಲ್ಲಿ ಇಲ್ಲದಿದ್ದರೆ ಕಾಯುತ್ತಾ ಕೂರಬೇಡಿ, ಮೊದಲು ಸಕ್ಕರೆ ತಿನ್ನಿ.

ಮನೆಯವರ ಮಾತು ಹೇಗೆ? ‘ರೀ, ಮತ್ತೆ ಅನ್ನ ಹಾಕ್ಕೊಂಡ್ರಾ?’ ಅಂತ ನನ್ನಾಕೆ ಕೇಳಿದರೆ ನಾನು ಸಿಡಿದೇಳುತ್ತಿದ್ದೆ. ಆಮೇಲೆ ಸಿಟ್ಟಿನಲ್ಲೇ ಹೋಟೆಲಿನಲ್ಲಿ ಎರಡು ಜಿಲೇಬಿ. ಕೊನೆಗೊಂದು ದಿನ ಕೂತು ಮಾತಾಡಿದೆವು. ಅವಳಿಗಿದ್ದದ್ದು ಬರೀ ಹೆದರಿಕೆ. ಅವಳ ಅಪ್ಪನಿಗೆ ಇದೇ ಕಾಯಿಲೆಯಿಂದ ಕಣ್ಣು ಹೋಗಿತ್ತು. ಈಗ ಊಟದ ಹೊತ್ತಿಗೆ ಶುಗರ್ ಮಾತಿಲ್ಲ. ಭಾನುವಾರ ಬೆಳಗ್ಗೆ ಚಹಾ ಕುಡಿಯುತ್ತಾ ಇಬ್ಬರೂ ಪುಸ್ತಕ ನೋಡುತ್ತೇವೆ. ನಿಮ್ಮ ಮನೆಯಲ್ಲೂ ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ.

ಊಟ ಆದ ಮೇಲೆ ಕಾಲು ಗಂಟೆ ನಡೆಯಿರಿ, ಸಾಧ್ಯವಾದರೆ ಜೊತೆಗೊಬ್ಬರು ಇರಲಿ. ನನಗೆ ಕೆಳಗಿನ ಮನೆಯ ಕುಂದಾಪುರದವರು ಸಿಕ್ಕಿದ್ದಾರೆ. ಅವರಿಗೂ ಶುಗರ್. ನಮ್ಮ ಮಾತು ಮಾತ್ರ ಊರಿನ ಮಳೆಯದ್ದೇ ಜಾಸ್ತಿ.

ಎರಡು ವಾರ ಕಳೆದರೂ ಬೇಜಾರು ಹೋಗದಿದ್ದರೆ, ಮಾತ್ರೆಯೇ ಬೇಡ ಅನ್ನಿಸಿದರೆ, ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಬದುಕೇ ಬೇಡ ಅನ್ನಿಸಿದರೆ ಒಂದು ದಿನವೂ ಕಾಯಬೇಡಿ. ಮನಸ್ಸಿನ ಕಷ್ಟಕ್ಕೆ ಸಹಾಯ ಮಾಡುವ ಸರ್ಕಾರದ ಫೋನ್ ಸೇವೆ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಆ ನಂಬರನ್ನು ಪುಸ್ತಕದ ರಟ್ಟಿನ ಒಳಗಡೆ ಬರೆದಿಟ್ಟಿದ್ದೇನೆ.